ಕೆಡವದೆ ಕಟ್ಟಿದವರು: ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ

ಚಿಕ್ಕಬಳ್ಳಾಪುರದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಬಂದಿದ್ದವರಲ್ಲಿ ಅರ್ಧ ಜನ ಸುತ್ತಲ ಹಳ್ಳಿಯವರು, ಇನ್ನರ್ಧ ಶಾಲೆ ಕಾಲೇಜಿನ ಮಕ್ಕಳು. ಹೆಚ್ಚುಕಮ್ಮಿ ಆಡಿದ ಹಾಗೇ ಬರೆದಿದ್ದೇನೆ. ಪರದೆಯ ಮೇಲೆ ಚಿತ್ರ ತೋರಿಸಿದ ಕಡೆ ಮಾತ್ರ ನಾಲ್ಕು ಮಾತು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಮಾತು ಶುರು ಮಾಡುವ ಮೊದಲೇ ಒಂದು ಪ್ರಶ್ನೆ ಬಂದಾಗಿದೆ. ಮುಂದಿನ ಸಾಲಿನಲ್ಲಿ ಕೂತಿರುವ ಈ ಹುಡುಗಿ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ ಕೇಳಿದಳು. "ನಂದಿ ದೇವಸ್ಥಾನ ಕಟ್ಟಿಸಿದ್ದು ಯಾರು? ಒಂದೇ ಹೆಸರು ಹೇಳಿ, ಬರ್ಕೊಬೇಕು." ಒಳ್ಳೆಯ ಪ್ರಶ್ನೆ. ನಾನೂ ಅದೇ ವಯಸ್ಸಿನಲ್ಲಿ ಅದನ್ನೇ ಕೇಳಿದ್ದೆ. ಆದರೆ ಒಂದು ಹೆಸರಲ್ಲಿ ಮುಗಿಯಲ್ಲ ಕಣಮ್ಮ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದೇ ಅದು. ಆ ಗುಡಿಯನ್ನು ಒಬ್ಬರು ಕಟ್ಟಲಿಲ್ಲ, ಒಂದು ಸಲ ಕಟ್ಟಲಿಲ್ಲ. ಸಾವಿರದಿನ್ನೂರು ವರ್ಷದಿಂದ ಬಂದವರೆಲ್ಲ ಸ್ವಲ್ಪ ಸ್ವಲ್ಪ ಕಟ್ಟಿದ್ದಾರೆ. ಹಿಂದಿನವರದ್ದನ್ನು ಕೆಡವದೆ ಪಕ್ಕಕ್ಕೆ, ಮುಂದಕ್ಕೆ, ಮಧ್ಯಕ್ಕೆ ಸೇರಿಸುತ್ತಾ ಹೋಗಿದ್ದಾರೆ. ಹಾಗಾಗಿ ಅದನ್ನು ನೋಡುವ ದಾರಿ ಅಂದರೆ ಸೇರಿಸಿದ ಜಾಗಗಳನ್ನು, ಕಲ್ಲಿಗೆ ಕಲ್ಲು ಬೆಸೆದ ಸಂದುಗಳನ್ನು ಹುಡುಕುವುದು.

ನಮ್ಮಲ್ಲಿ ಎಷ್ಟು ಜನ ನಂದಿ ಬೆಟ್ಟಕ್ಕೆ ಹೋಗಿದ್ದೀರಿ? ಎಲ್ಲರೂ ಕೈ ಎತ್ತಿದಿರಿ. ಕೆಳಗಿನ ನಂದಿ ಗ್ರಾಮದ ಗುಡಿಯನ್ನು ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ನೋಡಿದವರು? ಕೈಗಳು ಕಮ್ಮಿಯಾದವು. ಬೆಳಗಿನ ಜಾವ ಮಂಜು ನೋಡಲು 1,478 ಮೀಟರ್ ಎತ್ತರಕ್ಕೆ ಗಾಡಿ ಓಡಿಸಿಕೊಂಡು ಹೋಗುತ್ತೇವೆ. ಬೆಟ್ಟದ ಬುಡದಲ್ಲಿ, ಬೆಟ್ಟಕ್ಕೆ ಬೆನ್ನು ಕೊಟ್ಟು ಪೂರ್ವಕ್ಕೆ ಮುಖ ಮಾಡಿ ಕೂತಿರುವುದನ್ನು ದಾಟಿಕೊಂಡು ಬಂದುಬಿಡುತ್ತೇವೆ.

ಮೊದಲು ದೇವರ ಕಥೆ ಹೇಳುತ್ತೇನೆ. ಅದಿಲ್ಲದೆ ಕಟ್ಟಡ ಅರ್ಥವಾಗಲ್ಲ. ಒಳಗೆ ಹೋಗಿ ಗುಡಿಗೆ ಎದುರಾಗಿ ನಿಂತರೆ ಎಡಗಡೆ, ಅಂದರೆ ದಕ್ಷಿಣಕ್ಕೆ, ಅರುಣಾಚಲೇಶ್ವರ. ಬಲಗಡೆ, ಉತ್ತರಕ್ಕೆ, ಭೋಗನಂದೀಶ್ವರ. ನಡುವೆ ಚಿಕ್ಕದಾಗಿ ಉಮಾಮಹೇಶ್ವರ. ಬೆಟ್ಟದ ಮೇಲೆ ಯೋಗನಂದೀಶ್ವರ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಯೋಗನಂದೀಶ್ವರ ಎಲ್ಲ ಬಿಟ್ಟು ತಪಸ್ಸಿಗೆ ಕೂತ ಶಿವ ಅಂತ ನಮ್ಮ ಹಿರಿಯರು ಹೇಳುತ್ತಾರೆ. ಅದಕ್ಕೇ ಮೇಲಿನ ಗುಡಿಯಲ್ಲಿ ಉತ್ಸವದ ಸಡಗರ ಇಲ್ಲ. ಕೆಳಗೆ ಶಿವರಾತ್ರಿಗೆ ತೇರು, ಜಾತ್ರೆ, ದನಗಳ ಪರಿಷೆ. ಹೊಸದಾಗಿ ಮದುವೆಯಾದವರು ನಡುವಿನ ಉಮಾಮಹೇಶ್ವರನ ಮುಂದೆ ಬಂದು ಕೈ ಮುಗಿಯುತ್ತಾರೆ. ಒಬ್ಬ ಮನುಷ್ಯನ ಆಯುಸ್ಸನ್ನೇ ಒಂದು ಬೆಟ್ಟದ ಬುಡದಿಂದ ತುದಿಯವರೆಗೆ ಹರಡಿದ ಹಾಗಿದೆ, ಅಲ್ವಾ? ಈ ಕಥೆ ಯಾವಾಗ ಹುಟ್ಟಿತೋ, ಆದರೆ ಆ ನಡುವಿನ ಗುಡಿ ಯಾಕೆ ಬೇಕಾಯಿತು ಅನ್ನುವುದನ್ನು ಕಲ್ಲಿಗಿಂತ ಚೆನ್ನಾಗಿ ಈ ಕಥೆಯೇ ಹೇಳುತ್ತದೆ. ಬಾಲ್ಯ ಇದೆ, ಯೌವನ ಇದೆ. ಮದುವೆ ಆಗಬೇಕಲ್ಲ.

ಈಗ ಶಾಸನಕ್ಕೆ ಬರೋಣ.

ಇಲ್ಲಿನ ಅತಿ ಹಳೆಯ ದಾಖಲೆ ಕ್ರಿ.ಶ. 806ರ ಸುಮಾರಿನದು. ರಾಷ್ಟ್ರಕೂಟ ಚಕ್ರವರ್ತಿ ಮೂರನೇ ಗೋವಿಂದನ ಕಾಲ. ಅವನ ಕೈಕೆಳಗೆ ಈ ಕಡೆ ಆಳುತ್ತಿದ್ದವರು ನೊಳಂಬರು. ನೊಳಂಬಾಧಿರಾಜನ ಹೆಸರು ಆ ಶಾಸನದಲ್ಲಿದೆ. ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ. ಮಡಕಶಿರಾ ಕಡೆ, ಆಂಧ್ರದ ಗಡಿಯೊಳಗಿದೆ. ಕನ್ನಡ ನಾಡಿನ ಚರಿತ್ರೆಯಲ್ಲಿ ಚಾಲುಕ್ಯರು, ಹೊಯ್ಸಳರ ಹೆಸರು ಬಂದಷ್ಟು ನೊಳಂಬರ ಹೆಸರು ಬರಲ್ಲ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಜನ ಅವರನ್ನು ಮರೆಯಬಾರದು. ಈ ಒಣ ನೆಲದಲ್ಲಿ ಕಲ್ಲಿನ ಗುಡಿ ಕಟ್ಟುವುದನ್ನು ರೂಢಿ ಮಾಡಿದವರಲ್ಲಿ ಅವರೂ ಒಬ್ಬರು.

ಅದಾದ ನಾಲ್ಕು ವರ್ಷಕ್ಕೆ, 810ರ ಸುಮಾರಿಗೆ, ಒಂದು ತಾಮ್ರ ಶಾಸನ. ಚಿಕ್ಕಬಳ್ಳಾಪುರದ ತಾಮ್ರಪಟ ಅಂತಲೇ ಅದಕ್ಕೆ ಹೆಸರು. ಅದರಲ್ಲಿ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಬಾಣ ವಂಶದ ಅರಸನ ರಾಣಿ, ರತ್ನಾವಳಿ. ನಂದಿಯಲ್ಲಿ ಶಿವಾಲಯ ಮಾಡಿಸಿದವಳು ಅಂತ ಅವಳ ಹೆಸರು ಬರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಒಂದೇ ಹೆಸರು ಬೇಕೇ ಬೇಕು ಅಂದರೆ ನಾನು ರತ್ನಾವಳಿಯ ಹೆಸರು ಹೇಳುತ್ತೇನೆ. ಊರಲ್ಲಿ ಯಾರನ್ನು ಕೇಳಿದರೂ ಚೋಳರು ಕಟ್ಟಿದ್ದು ಅನ್ನುತ್ತಾರೆ. ಚೋಳರು ಈ ಕಡೆ ಬರುವುದಕ್ಕೆ ಸುಮಾರು ಇನ್ನೂರು ವರ್ಷ ಮೊದಲೇ ಇಲ್ಲಿ ಶಿವಾಲಯ ಇತ್ತು, ಅದಕ್ಕೆ ದಾನ ಬಿಟ್ಟಿದ್ದರು, ಅದರ ಜೊತೆಗೆ ಒಬ್ಬ ರಾಣಿಯ ಹೆಸರಿತ್ತು. ಅವಳ ಒಂದು ಬೀದಿ ಇಲ್ಲ, ಒಂದು ಬೋರ್ಡು ಇಲ್ಲ. ಮುಳಬಾಗಿಲು ತಾಲ್ಲೂಕಿನ ಆವನಿಗೆ ಹೋಗಿ, ಅಲ್ಲೂ ನೊಳಂಬ ರಾಣಿ ದೀವಬ್ಬರಸಿ ಗುಡಿ ಕಟ್ಟಿಸಿದ ಶಾಸನ ಸಿಗುತ್ತದೆ. ನಮ್ಮ ಸೀಮೆಯ ಹಳೆಯ ಗುಡಿಗಳ ಹಿಂದೆ ಹೆಣ್ಣುಮಕ್ಕಳ ಕೈ ಇದೆ. ಮಕ್ಕಳೇ, ಇದನ್ನು ಬರ್ಕೊಳ್ಳಿ.

ಇದೆಲ್ಲ ಓದಬೇಕು ಅನ್ನುವವರಿಗೆ ಒಂದು ಉಪಯೋಗದ ಮಾತು. ಗ್ರಂಥಾಲಯಕ್ಕೆ ಹೋಗಿ ಚಿಕ್ಕಬಳ್ಳಾಪುರ ಜಿಲ್ಲೆಯ ಶಾಸನ ಸಂಪುಟ ಕೊಡಿ ಅಂದರೆ ಹಳೆಯ ಸಾಲಿನಲ್ಲಿ ಸಿಗಲ್ಲ. ನಮ್ಮ ಜಿಲ್ಲೆ ಆದದ್ದು 2007ರಲ್ಲಿ. ಅದಕ್ಕೆ ಮುಂಚೆ ಇದೆಲ್ಲ ಕೋಲಾರ. ಬಿ.ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ನೋಡಬೇಕು. 1905ರಲ್ಲಿ ಬಂದದ್ದು, ಕೋಲಾರ ಜಿಲ್ಲೆಯದು. ಅದರಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕು ಅಂತ ಬೇರೆ ಭಾಗವೇ ಇದೆ. ರೈಸ್ ಅವರು ಬೆಂಗಳೂರಿನಲ್ಲೇ ಹುಟ್ಟಿದವರು, ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗ. 1885ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆ ಶುರುವಾದಾಗ ಅದನ್ನು ನಡೆಸಿದವರು. ಆಗ ಕಲ್ಲಿನ ಅಚ್ಚು ತೆಗೆಯುವುದು ಅಂದರೆ ಕೈಕೆಲಸ. ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಯೊಳಗೆ ಕೂರಿಸಬೇಕು. ಮೇಲೆ ಮಸಿ ಒತ್ತಿದರೆ ಕಾಗದವೆಲ್ಲ ಕಪ್ಪಾಗಿ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಎತ್ತಿನ ಗಾಡಿಯಲ್ಲಿ ಹಳ್ಳಿ ಹಳ್ಳಿ ತಿರುಗಿ ಹೀಗೆ ಸಾವಿರಾರು ಕಲ್ಲು ಓದಿದರು. ಆಮೇಲೆ ಕಳೆದುಹೋದ ಎಷ್ಟೋ ಕಲ್ಲುಗಳ ಮಾತು ಈಗ ಆ ಪುಸ್ತಕದಲ್ಲಿ ಮಾತ್ರ ಇದೆ.

ನೊಳಂಬರ ಜೊತೆಗೇ ತಲಕಾಡಿನ ಗಂಗರ ಹೆಸರೂ ಇಲ್ಲಿಗೆ ಸೇರಿಕೊಂಡಿದೆ. ಗಂಗ ಅರಸರು ತಮ್ಮನ್ನು "ಕುವಳಾಲಪುರವರೇಶ್ವರ, ನಂದಗಿರಿನಾಥ" ಅಂತ ಕರೆದುಕೊಂಡರು. ಕುವಳಾಲ ಅಂದರೆ ಕೋಲಾರ, ನಂದಗಿರಿ ಅಂದರೆ ನಮ್ಮ ಈ ಬೆಟ್ಟ. ಗಂಗರು ತಲಕಾಡಿನಲ್ಲಿ ಕೂತು ಆಳುವಾಗಲೂ ಬಿರುದಿನಲ್ಲಿ ಈ ಎರಡು ಹೆಸರು ಬಿಡಲಿಲ್ಲ. ಬೇರು ಇಲ್ಲಿತ್ತು.

ಇನ್ನು ಕಟ್ಟಡ. ನನ್ನ ಜೊತೆ ಬಂದರೆ ನಾನು ಮೊದಲು ಒಳಗೆ ಕರೆದುಕೊಂಡು ಹೋಗಲ್ಲ. ಹೊರಗಿನಿಂದ ಒಂದು ಸುತ್ತು ಹಾಕಿಸುತ್ತೇನೆ.

ದಕ್ಷಿಣದ ಗುಡಿಯೂ ಉತ್ತರದ ಗುಡಿಯೂ ನೋಡಲು ಅವಳಿ ಮಕ್ಕಳ ಹಾಗಿವೆ. ಎರಡಕ್ಕೂ ಗರ್ಭಗುಡಿ, ಅದರ ಮುಂದೆ ಚಿಕ್ಕ ಕೋಣೆಯಂಥ ಸುಕನಾಸಿ, ಆಮೇಲೆ ಕಂಬಗಳ ನವರಂಗ. ಮುಂದೆ ಬಸವಣ್ಣನ ಮಂಟಪ. ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತಾ ಹೋಗುವ ದ್ರಾವಿಡ ಶೈಲಿಯ ಶಿಖರ. ಕೆಲವರು ದಕ್ಷಿಣದ್ದು ಗಂಗರದು, ಉತ್ತರದ್ದು ಚೋಳರದು ಅನ್ನುತ್ತಾರೆ. ಕಲಾ ಇತಿಹಾಸಕಾರರಲ್ಲಿ ಇನ್ನು ಕೆಲವರು ಎರಡೂ 9-10ನೇ ಶತಮಾನದ ನೊಳಂಬರ ಕೆಲಸವೇ ಅನ್ನುತ್ತಾರೆ. ನನಗೆ ಎರಡನೆಯ ಮಾತು ಹೆಚ್ಚು ಸರಿ ಅನ್ನಿಸುತ್ತದೆ. ಗೋಡೆಗಳನ್ನು ನೋಡಿ. ಗೋಡೆಯಿಂದ ಅರ್ಧ ಹೊರಗೆ ಚಾಚಿದ ಕಂಬಗಳಿವೆ, ಅರೆಗಂಬ ಅನ್ನುತ್ತೇವೆ. ಅವುಗಳ ನಡುವೆ ಖಾಲಿ ಗೋಡೆ. ಬೇಲೂರಿನ ಹಾಗೆ ಅಂಗುಲ ಅಂಗುಲಕ್ಕೂ ಶಿಲ್ಪ ಇಲ್ಲ.

ಯಾಕೆ ಇಲ್ಲ? ಕಲ್ಲು ಬೇರೆ. ಬೇಲೂರು, ಹಳೇಬೀಡಿನದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬರುಬರುತ್ತಾ ಗಟ್ಟಿಯಾಗುತ್ತದೆ. ಅದರಲ್ಲಿ ಒಡವೆಯ ಕುಸುರಿ ಮಾಡಬಹುದು. ನಮ್ಮದು ಗ್ರಾನೈಟ್. ಈ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಅದು ಎಂಥ ಕಲ್ಲು ಅಂತ ಹೇಳಬೇಕಾಗಿಲ್ಲ. ಉಳಿ ಒಂದು ಏಟಿಗೆ ಒಂದು ಚೂರು ಕಿತ್ತರೆ ಹೆಚ್ಚು. ಬಂಡೆಯ ಮೇಲೆ ಸಾಲಾಗಿ ಗುಳಿ ತೋಡಿ, ಗುಳಿಯಲ್ಲಿ ಬೆಣೆ ಇಟ್ಟು, ಒಂದಾದಮೇಲೊಂದು ಬಡಿಯುತ್ತಾ ಹೋದರೆ ಬಂಡೆ ಗೆರೆ ಹೊಡೆದ ಹಾಗೆ ಸೀಳುತ್ತದೆ. ಹಳೆಯ ಪ್ರಾಕಾರದ ಗೋಡೆಗಳಲ್ಲಿ ಕಲ್ಲಿನ ಅಂಚಿಗೆ ಇಂಥ ಅರ್ಧ ಗುಳಿಗಳ ಸಾಲು ಕಾಣಿಸಿದರೆ ಬೆರಳಿಟ್ಟು ನೋಡಿ. ಐನೂರು ವರ್ಷದ ಹಿಂದೆ ಒಬ್ಬ ಕೆಲಸಗಾರ ಬೆಣೆ ಇಟ್ಟ ಜಾಗ ಅದು. ಅವನ ಹೆಸರು ಎಲ್ಲೂ ಬರೆದಿಲ್ಲ, ಬೆಣೆಯ ಗುರುತು ಮಾತ್ರ ಉಳಿದಿದೆ.

ಇಂಥ ಕಲ್ಲಿನಲ್ಲಿ ಗೋಡೆಯನ್ನು ಸುಮ್ನೆ ಬಿಟ್ಟು, ಕೈಚಳಕವನ್ನೆಲ್ಲ ಒಂದೆರಡು ಕಡೆ ತೋರಿಸುವುದು ಜಾಣತನ. ಇಲ್ಲಿ ಆ ಕೈಚಳಕ ಇರುವುದು ಕಿಟಕಿಗಳಲ್ಲಿ.

ಅರುಣಾಚಲೇಶ್ವರ ಗುಡಿಯ ದಕ್ಷಿಣದ ಗೋಡೆಗೆ ಬನ್ನಿ. ಅಲ್ಲೊಂದು ಕಲ್ಲಿನ ಜಾಲಂಧ್ರ, ಅಂದರೆ ತೂತು ಕೊರೆದ ಕಿಟಕಿ, ಇದೆ. ಕುಣಿಯುತ್ತಿರುವ ಶಿವ. ಬರೀ ಗೋಡೆಗೆ ಅಂಟಿದ ಮೂರ್ತಿ ಅಲ್ಲ ಅದು. ಮೈ ಬಿಟ್ಟು ಉಳಿದ ಜಾಗದಲ್ಲಿ ಕಲ್ಲು ಕೊರೆದು ತೂತು ಮಾಡಿ ಬೆಳಕಿಗೆ ದಾರಿ ಕೊಟ್ಟಿದ್ದಾರೆ. ಗ್ರಾನೈಟಿನಲ್ಲಿ ಇಂಥದ್ದನ್ನು ಮಾಡುವಾಗ ಒಂದು ಏಟು ಜೋರಾದರೆ ತೋಳೇ ಮುರಿದು ಬೀಳುತ್ತದೆ. ತಿಂಗಳುಗಟ್ಟಲೆ ಮಾಡಿದ ಕೆಲಸ ಹೋಯಿತು ಅಂತಲೇ. ಹೊರಗೆ ನಿಂತು ನೋಡಿದರೆ ಶಿವನ ಮೈಮೇಲೆ ಬಿಸಿಲು, ಸುತ್ತಲ ಸಂದಿಯಲ್ಲಿ ಕತ್ತಲು. ಒಳಗೆ ಹೋಗಿ ನೋಡಿದರೆ ತಿರುವುಮುರುವು. ಶಿವ ಕಪ್ಪಗೆ, ಸುತ್ತ ಬೆಳಕು. ಅದೇ ಮೂರ್ತಿ, ಎರಡು ಸಲ ಬೇರೆ ಬೇರೆಯಾಗಿ ಕಾಣುತ್ತದೆ. ನಾನು ಎಷ್ಟು ಸಲ ಹೋದರೂ ಹೊರಗೊಮ್ಮೆ ಒಳಗೊಮ್ಮೆ ಓಡಾಡುತ್ತೇನೆ.

ಭೋಗನಂದೀಶ್ವರ ಗುಡಿಯ ಉತ್ತರದ ಗೋಡೆಯಲ್ಲಿ ಇದಕ್ಕೆ ಜೊತೆಯಾಗಿ ದುರ್ಗೆ, ಕೋಣನ ತಲೆಯ ಮೇಲೆ ನಿಂತಿದ್ದಾಳೆ. ದುರ್ಗೆಯನ್ನು ಉತ್ತರದ ಗೋಡೆಗೆ ಇಡುವುದು ದಕ್ಷಿಣ ದೇಶದ ಶಿವಾಲಯಗಳ ರೂಢಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಆಗ ಶಿವನ ಕಿಟಕಿಗೆ ಬಿಸಿಲು ಜಾಸ್ತಿ. ದುರ್ಗೆ ಇರುವ ಕಡೆ ಆಗ ನೆರಳು. ಹಾಗಾಗಿ ಧನುರ್ಮಾಸದಲ್ಲಿ ಒಂದು ಸಲ, ಬೇಸಿಗೆ ಮುಗಿಯುವ ಹೊತ್ತಿಗೆ ಇನ್ನೊಂದು ಸಲ ಹೋಗಿ. ಫೋಟೋ ತೆಗೆಯುವವರಿಗಂತೂ ಇದನ್ನು ಒತ್ತಿ ಹೇಳುತ್ತೇನೆ.

ಚೋಳರು ಬಂದದ್ದು 11ನೇ ಶತಮಾನದ ಶುರುವಿನಲ್ಲಿ. 1004ರ ಸುಮಾರಿಗೆ ಗಂಗರ ತಲಕಾಡು ಅವರ ಕೈಗೆ ಹೋಯಿತು. ಕೋಲಾರದ ಕಡೆಯನ್ನು ನಿಗರಿಲಿ ಚೋಳಮಂಡಲ ಅಂತ ಕರೆದರು. ಸುಮಾರು ನೂರು ವರ್ಷ, 1116ರಲ್ಲಿ ಹೊಯ್ಸಳ ವಿಷ್ಣುವರ್ಧನ ತಲಕಾಡು ಗೆಲ್ಲುವವರೆಗೆ, ಅವರದೇ ಆಳ್ವಿಕೆ. ಭೋಗನಂದೀಶ್ವರ ಗುಡಿಯಲ್ಲಿ ಒಬ್ಬ ರಾಜನ ಕಲ್ಲಿನ ಮೂರ್ತಿ ಇದೆ. ಅದು ರಾಜೇಂದ್ರ ಚೋಳನದು ಅಂತ ಹೇಳುತ್ತಾರೆ.

ನನ್ನನ್ನು ಬಹಳ ಕಾಡಿದ್ದು ಈ ಮೂರ್ತಿಗಿಂತ ಬೇರೆ ಒಂದು ವಿಷಯ. ತಮಿಳುನಾಡಿನ ತಿರುವೈಯಾರಿನ ದೇವಸ್ಥಾನಕ್ಕೆ ಹೋದರೆ ಅಲ್ಲಿ ಪೌಳಿಯಲ್ಲಿ ಸಾಲಾಗಿ ನೊಳಂಬರ ಕಂಬಗಳು ನಿಂತಿವೆ. ಕೆತ್ತನೆ ನೋಡಿದ ಕೂಡಲೇ ನಮ್ಮ ಕಡೆಯದು ಅಂತ ಗೊತ್ತಾಗುತ್ತದೆ. ಹೇಮಾವತಿ ಕಡೆಯಿಂದ ಚೋಳರು ಗೆದ್ದು ಹೊತ್ತುಕೊಂಡು ಹೋದದ್ದು ಅಂತ ವಿದ್ವಾಂಸರು ಹೇಳುತ್ತಾರೆ. ಅಷ್ಟು ದೂರ ಕಲ್ಲಿನ ಕಂಬ ಸಾಗಿಸುವ ಶಕ್ತಿ ಇದ್ದವರು. ಅದೇ ಚೋಳರು ನಂದಿಗೆ ಬಂದಾಗ ಇಲ್ಲಿನ ಗುಡಿಯನ್ನು ಕಿತ್ತುಕೊಂಡು ಹೋಗಲಿಲ್ಲ. ಪೂಜೆ ನಡೆಸಿದರು, ತಮ್ಮ ರಾಜನ ಮೂರ್ತಿಯನ್ನೂ ಒಳಗೆ ಇಟ್ಟರು. ದೇವರು ನಡೆಯುತ್ತಿರುವ ಜಾಗ, ಜನ ಬರುತ್ತಿರುವ ಜಾಗ. ಅದನ್ನು ಮುಟ್ಟುವುದಕ್ಕೆ ಗೆದ್ದವರಿಗೂ ಮನಸ್ಸು ಬಂದಿರಲಿಕ್ಕಿಲ್ಲ ಅಂತ ನನ್ನ ಊಹೆ.

ಈಗ ನಡುವಿನ ಭಾಗಕ್ಕೆ ಬರೋಣ. ನನಗೆ ಇಡೀ ಗುಡಿಯಲ್ಲಿ ತುಂಬಾ ಇಷ್ಟವಾದ ಜಾಗ ಇದೇ.

ಮೊದಲು ಎರಡು ಗುಡಿಗಳ ನಡುವೆ ಖಾಲಿ ಜಾಗ ಇತ್ತು. ಬೇರೆ ಬೇರೆಯಾಗಿ ನಿಂತಿದ್ದವು. ಆಮೇಲಿನವರು ಆ ಜಾಗದಲ್ಲಿ ಒಂದು ಕಲ್ಯಾಣ ಮಂಟಪ ಇಟ್ಟರು. ಅದರ ಹಿಂದೆ ಉಮಾಮಹೇಶ್ವರನ ಪುಟ್ಟ ಗುಡಿ ಬಂತು. ಎರಡೂ ಗುಡಿಗಳನ್ನು ಸೇರಿಸಿ ಹಿಂದಿನ ಗೋಡೆ ಎಬ್ಬಿಸಿದರು. ಆ ಗೋಡೆಯನ್ನು ಹೇಗೆ ಕಟ್ಟಿದ್ದಾರೆ ಅಂದರೆ, ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಅಂತ ಸುಲಭಕ್ಕೆ ಹೇಳಲಾಗುವುದಿಲ್ಲ. ಅದೇ ಅರೆಗಂಬ, ಅದೇ ಪಾಯದ ಪಟ್ಟಿಗಳು, ಅದೇ ಎತ್ತರ. ನೂರಾರು ವರ್ಷದ ಆಮೇಲೆ ಬಂದ ಕೆಲಸಗಾರರು ತಮ್ಮ ಕಾಲದ ಶೈಲಿ ಬಿಟ್ಟು, ಹಳಬರ ಕೈಬರಹವನ್ನು ಕಲಿತು ಅದರಲ್ಲೇ ಬರೆದ ಹಾಗೆ. ಮೊದಲ ಸಲ ನಾನು ಹಿಂದಿನ ಗೋಡೆಯ ಉದ್ದಕ್ಕೂ ನಡೆದಾಗ ಏನೂ ಗೊತ್ತಾಗಲಿಲ್ಲ. ಒಂದೇ ಗೋಡೆ ಅಂದುಕೊಂಡೆ. ತಿಳಿದವರೊಬ್ಬರು ಹೇಳಿದ ಮೇಲೆ ವಾಪಸ್ಸು ಹೋಗಿ, ಕಲ್ಲಿಗೆ ಮುಖ ಹತ್ತಿರ ಇಟ್ಟು ನೋಡಿದೆ. ಆಗಲೂ ಎರಡು ಜಾಗದಲ್ಲಿ ಇದೇ ಇರಬೇಕು ಅಂತ ಅನುಮಾನ ಬಂತೇ ಹೊರತು ಖಾತ್ರಿಯಾಗಲಿಲ್ಲ. ಅಷ್ಟು ವಿನಯದ ಕೆಲಸ.

ಅದೇ ಜನ ಮುಂದೆ, ಕಲ್ಯಾಣ ಮಂಟಪದಲ್ಲಿ, ತಮ್ಮ ಕೈ ಏನು ಅಂತ ಧಾರಾಳವಾಗಿ ತೋರಿಸಿದ್ದಾರೆ. ನಾಲ್ಕು ಕಂಬ. ಸುತ್ತಲಿನ ಬೂದು ಕಲ್ಲಿನ ನಡುವೆ ನುಣ್ಣಗೆ ಕಪ್ಪು ಹೊಳೆಯುವ ಕಲ್ಲು. ಶಿವ ಪಾರ್ವತಿ, ವಿಷ್ಣು ಲಕ್ಷ್ಮಿ, ಬ್ರಹ್ಮ ಸರಸ್ವತಿ, ಅಗ್ನಿ ಮತ್ತು ಸ್ವಾಹಾದೇವಿ, ಹೀಗೆ ಜೋಡಿ ಜೋಡಿಯಾಗಿ. ಮದುವೆ ಮಂಟಪ ಅಂದಮೇಲೆ ದೇವತೆಗಳೂ ದಂಪತಿ ಸಮೇತ ಬಂದಿದ್ದಾರೆ. ಬಳ್ಳಿಗಳ ನಡುವೆ ಹಕ್ಕಿಗಳು. ಪಕ್ಕದ ಗೋಡೆಯಲ್ಲಿ ದಿಬ್ಬಣ ಹೊರಟಿದೆ, ಸಪ್ತಋಷಿಗಳೂ ಅದರಲ್ಲಿದ್ದಾರೆ. ಒಂದು ಹಕ್ಕಿಯನ್ನಾದರೂ ಸಾವಕಾಶ ನೋಡಿ. ರೆಕ್ಕೆಯ ಗರಿ ಗರಿಯನ್ನೂ ಬೇರೆ ಬೇರೆಯಾಗಿ ಬಿಡಿಸಿದ್ದಾರೆ.

ಈ ಮಂಟಪ ಯಾರ ಕಾಲದ್ದು? ಕೆತ್ತನೆಯ ಸೊಗಸು ನೋಡಿ ಹೊಯ್ಸಳರದು ಅನ್ನುವವರಿದ್ದಾರೆ. 16ನೇ ಶತಮಾನದ ವಿಜಯನಗರದ ಕೆಲಸ ಅನ್ನುವವರೂ ಇದ್ದಾರೆ. ಹಿಂದಿನ ಉಮಾಮಹೇಶ್ವರ ಗುಡಿ ಅದಕ್ಕೂ ಆಮೇಲೆ, ಪಾಳೇಗಾರರ ಕಾಲದಲ್ಲಿ ಸೇರಿದ್ದು ಅನ್ನುವ ಮಾತಿದೆ. ಕಾಲೇಜಿನ ಮಕ್ಕಳು ಇದನ್ನೇ ಒಂದು ಕೆಲಸವಾಗಿ ಹಿಡಿಯಬಹುದು. ಹಳೇಬೀಡಿನ ಒಂದು ಕಂಬದ ಚಿತ್ರ, ಲೇಪಾಕ್ಷಿಯ ಒಂದು ಕಂಬದ ಚಿತ್ರ ಇಟ್ಟುಕೊಂಡು ಈ ಕಂಬದ ಮುಂದೆ ಕೂತು ಹೋಲಿಸಿ. ಲೇಪಾಕ್ಷಿ ನಮಗೆ ದೂರವೇನಲ್ಲ. ಅಲ್ಲೂ ಶಿವ ಪಾರ್ವತಿಯ ಕಲ್ಯಾಣ ಮಂಟಪ ಇದೆ, ಅರ್ಧಕ್ಕೇ ನಿಂತುಹೋದದ್ದು.

ವಿಜಯನಗರದ ಕಾಲದಲ್ಲಿ ಗುಡಿ ಹೊರಕ್ಕೆ ಬೆಳೆಯಿತು. ಮುಂದೆ ವಿಶಾಲವಾದ ಕಂಬಗಳ ಮಂಟಪ, ಅಮ್ಮನವರ ಗುಡಿಗಳು, ಸುತ್ತ ಪ್ರಾಕಾರ. ಉತ್ತರಕ್ಕೆ ಇನ್ನೊಂದು ಅಂಗಳ, ಅದರಲ್ಲಿ ತುಲಾಭಾರ ಮಂಟಪ. ಅದನ್ನೂ ದಾಟಿದರೆ ಶೃಂಗಿ ತೀರ್ಥ.

ಶೃಂಗಿ ತೀರ್ಥದ ಮುಂದೆ ಮಾತು ಕಮ್ಮಿ ಮಾಡಬೇಕು ಅನ್ನಿಸುತ್ತದೆ. ನಾಲ್ಕೂ ಕಡೆಯಿಂದ ಮೆಟ್ಟಿಲು ಇಳಿಯುತ್ತವೆ. ಮೆಟ್ಟಿಲ ಸಾಲುಗಳು ಬೆಳಗಿನ ಹೊತ್ತು ಒಂದಕ್ಕೊಂದು ನೆರಳು ಬೀರುತ್ತವೆ. ನಂದಿ ತನ್ನ ಕೊಂಬಿನಿಂದ ನೆಲ ತಿವಿದು ಗಂಗೆಯನ್ನು ಬರಿಸಿದ, ಅದಕ್ಕೇ ಶೃಂಗಿ ತೀರ್ಥ ಅಂತ ಕಥೆ. ದಕ್ಷಿಣ ಪಿನಾಕಿನಿ ಹುಟ್ಟುವುದು ಇಲ್ಲೇ ಅಂತ ನಂಬಿಕೆ. ಕಥೆಯನ್ನು ಕಥೆ ಅಂತ ಬಿಡಬೇಡಿ. ನಂದಿ ಬೆಟ್ಟದ ಸಾಲಿನಿಂದ ಪಿನಾಕಿನಿ, ಪಾಲಾರ್, ಅರ್ಕಾವತಿ, ಪಾಪಾಗ್ನಿ, ಚಿತ್ರಾವತಿ ಎಲ್ಲ ದಿಕ್ಕು ದಿಕ್ಕಿಗೆ ಹೊರಡುತ್ತವೆ. ಹೊಳೆ ಅನ್ನುವುದು ಕಣ್ಣಿಗೆ ಕಾಣದ ನಮ್ಮ ಜಿಲ್ಲೆಯಿಂದ ಅಷ್ಟು ನದಿಗಳು ಹುಟ್ಟುತ್ತವೆ. ಬೆಟ್ಟದ ಮೇಲೆ ಬಿದ್ದ ಮಳೆ ಬುಡದಲ್ಲಿ ಇಂಗುತ್ತದೆ, ಅಲ್ಲೊಂದು ಕಲ್ಯಾಣಿ ತೋಡಿದರೆ ನೀರು ನಿಲ್ಲುತ್ತದೆ. ಗುಡಿ ಇಲ್ಲೇ ಯಾಕೆ ಬಂತು ಅಂತ ಕೇಳಿದರೆ ನಾನು ಈ ನೀರನ್ನು ತೋರಿಸುತ್ತೇನೆ. ಹಬ್ಬದ ದಿನ ಮೆಟ್ಟಿಲ ಮೇಲೆಲ್ಲ ದೀಪ ಹಚ್ಚುತ್ತಾರೆ. ನೋಡದವರು ಒಮ್ಮೆ ನೋಡಿ.

ಆಮೇಲಿನ ಚರಿತ್ರೆ ನಿಮಗೆ ಗೊತ್ತಿರುವುದೇ. ಆವತಿ ನಾಡ ಪ್ರಭುಗಳ ಮನೆತನ ಚಿಕ್ಕಬಳ್ಳಾಪುರ ಕಟ್ಟಿತು. ಆಮೇಲೆ ಹೈದರಾಲಿ, ಟಿಪ್ಪು. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮೇಲಿನ ನಂದಿದುರ್ಗಕ್ಕೆ ಫಿರಂಗಿ ಹಚ್ಚಿ ಗೆದ್ದುಕೊಂಡಿತು. ಕೆಳಗಿನ ಗುಡಿ ಇದನ್ನೆಲ್ಲ ದಾಟಿ ನಿಂತಿತು. ಈಗ ಅದು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ, ಪೂಜೆಯೂ ನಡೆಯುತ್ತಿದೆ.

ಇಷ್ಟೆಲ್ಲ ಹೇಳುವಾಗ ನನ್ನ ಸ್ವಂತ ಊರಿನ ಒಂದು ವಿಷಯ ಮನಸ್ಸಿಗೆ ಬರುತ್ತಲೇ ಇದೆ. ಅದನ್ನೂ ಹೇಳಿಬಿಡುತ್ತೇನೆ. ನಮ್ಮೂರಲ್ಲಿ ಒಂದು ಪುಟ್ಟ ಈಶ್ವರನ ಗುಡಿ ಇತ್ತು. ನಾಲ್ಕು ಕಂಬ, ಚಪ್ಪಡಿ ಮಾಳಿಗೆ, ಬಾಗಿಲ ಪಕ್ಕ ಒಂದು ಬರಹದ ಕಲ್ಲು. ಮಾಳಿಗೆ ಸೋರುತ್ತಿತ್ತು. ಊರವರೆಲ್ಲ ಸೇರಿ, ಭಕ್ತಿಯಿಂದಲೇ, ಹಣ ಹಾಕಿ ಜೀರ್ಣೋದ್ಧಾರ ಅಂತ ಹೊರಟೆವು. ಎರಡು ದಿನದಲ್ಲಿ ಯಂತ್ರ ತಂದು ಹಳೆಯದನ್ನು ಪೂರ್ತಿ ತೆಗೆಸಿದರು. ಕಾಂಕ್ರೀಟ್ ಗುಡಿ ಬಂತು, ಚೆನ್ನಾಗಿ ಬಣ್ಣ ಹೊಡೆಸಿದರು. ನಾನು ಚಂದಾ ಕೊಟ್ಟಿದ್ದೆ, ಆದರೆ ಕೆಡವುವ ದಿನ ಊರಲ್ಲಿರಲಿಲ್ಲ. ಆಮೇಲೆ ಬರಹದ ಕಲ್ಲು ಹುಡುಕಿದಾಗ ಅದು ನಲ್ಲಿ ಹತ್ತಿರ ಬಟ್ಟೆ ಒಗೆಯುವ ಕಲ್ಲಾಗಿತ್ತು. ಅಕ್ಷರದ ಕಡೆ ಮೇಲಕ್ಕಿತ್ತು. ಕೆಳಗಿನ ಮೂರು ಸಾಲು ಮಾತ್ರ ಕೈಗೆ ತಟ್ಟುತ್ತಿತ್ತು, ಉಳಿದದ್ದು ಸವೆದುಹೋಗಿತ್ತು. ಯಾರದೂ ಕೆಟ್ಟ ಮನಸ್ಸಲ್ಲ. ನಮಗೆ ಗೊತ್ತಿರಲಿಲ್ಲ. ಆ ದುಃಖ ಇನ್ನೂ ಹೋಗಿಲ್ಲ, ಅದಕ್ಕೇ ಕರೆದ ಕಡೆಗೆಲ್ಲ ಹೋಗಿ ಮಾತಾಡುತ್ತೇನೆ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು. "ಸರಿ ಸ್ವಾಮಿ, ಹಾಗಾದ್ರೆ ಹಳೇ ಗುಡಿ ಸೋರಿದ್ರೆ ನಾವು ಏನು ಮಾಡ್ಬೇಕು? ನೋಡ್ಕೊಂಡು ಕೂರೋಕಾಗುತ್ತಾ?" ಅವರು ಕೇಳಿದ್ದು ನ್ಯಾಯ.

ಮೊದಲು ಮಾಳಿಗೆ ಹತ್ತಿ ನೋಡಿ. ಸಾಮಾನ್ಯವಾಗಿ ಸೋರುವುದು ಕಲ್ಲು ಒಡೆದು ಅಲ್ಲ. ಚಪ್ಪಡಿಗಳ ಮೇಲೆ ಸುಣ್ಣ, ಇಟ್ಟಿಗೆ ಚೂರು ಹಾಕಿ ಮಾಡಿದ ಗಾರೆಯ ಪದರ ಇರುತ್ತದೆ. ಅದು ಎದ್ದುಹೋಗಿರುತ್ತದೆ, ಇಲ್ಲವೇ ನೀರು ಹೋಗುವ ದೋಣಿಗೆ ಎಲೆ, ಮಣ್ಣು ಕಟ್ಟಿಕೊಂಡಿರುತ್ತದೆ. ಸಂದಿಯಲ್ಲಿ ಅರಳಿ ಗಿಡ ಎದ್ದಿರುತ್ತದೆ. ಗಿಡ ಬೆರಳುದ್ದ ಇರುವಾಗಲೇ ತೆಗೆಯಿರಿ, ಬೇರು ಕಲ್ಲನ್ನು ಸರಿಸುವವರೆಗೆ ಕಾಯಬೇಡಿ. ಮತ್ತೆ ಮಾಡಿಸುವಾಗ ಸುಣ್ಣದ ಗಾರೆಯನ್ನೇ ಹಾಕಿಸಿ. ಸಿಮೆಂಟ್ ಗಟ್ಟಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಹಳೆಯ ಕಟ್ಟಡ ಬಿಸಿಲಿಗೆ ಚಳಿಗೆ ಸ್ವಲ್ಪ ಅಲುಗಾಡುತ್ತದೆ. ಸುಣ್ಣ ಅದರ ಜೊತೆ ಹೊಂದಿಕೊಳ್ಳುತ್ತದೆ, ಸಿಮೆಂಟ್ ಬಿರುಕು ಬಿಡುತ್ತದೆ. ಒಳಗೆ ಸೇರಿದ ನೀರನ್ನು ಹೊರಗೂ ಬಿಡಲ್ಲ. ಶಾಸನದ ಕಲ್ಲಿಗೆ ಎಣ್ಣೆ, ಅರಿಶಿನ, ಬಣ್ಣ ಯಾವುದೂ ಬೇಡ. ಇನ್ನು ಒಂದು ಕಲ್ಲು ಕದಲಿಸುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ, ಪುರಾತತ್ತ್ವ ಇಲಾಖೆಗೆ ಒಂದು ಅರ್ಜಿ ಬರೆಯಿರಿ. ಜಾಗ ಸಾಲದು ಅಂದರೆ ಮುಂದಕ್ಕೆ ಒಂದು ಮಂಟಪ ಸೇರಿಸಿ. ನಂದಿಯಲ್ಲಿ ಎಲ್ಲರೂ ಮಾಡಿದ್ದು ಅದನ್ನೇ.

ಹೊರಡುವಾಗ ಹಿರಿಯರೊಬ್ಬರು ಹತ್ತಿರ ಬಂದರು. ಅವರೂರಿನ ಕೆರೆ ಏರಿ ಮೇಲೆ ಒಂದು ಕಲ್ಲಿದೆಯಂತೆ, ಅರ್ಧ ಮಣ್ಣಲ್ಲಿ ಹೂತಿದೆಯಂತೆ, ಮೇಲೆ ಸೂರ್ಯ ಚಂದ್ರ ಕೆತ್ತಿದೆಯಂತೆ. ಸೂರ್ಯ ಚಂದ್ರ ಇದ್ದರೆ ಕೆಳಗೆ ಬರಹ ಇರುವ ಸಾಧ್ಯತೆ ಇದೆ. ದಾನ ಸೂರ್ಯ ಚಂದ್ರ ಇರುವವರೆಗೆ ನಡೆಯಲಿ ಅಂತ ಹಾಗೆ ಕೆತ್ತುತ್ತಿದ್ದರು. "ಯಜಮಾನರೇ, ನಾಳೆಯೇ ಬರ್ತೀನಿ" ಅಂದೆ. ಹೆಸರು ಬರೆದುಕೊಳ್ಳಲು ಬಂದಿದ್ದ ಆ ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ನೋಟ್ ಪುಸ್ತಕದಲ್ಲಿ ರತ್ನಾವಳಿ ಅಂತ ಬರೆದು, ಕೆಳಗೆ ಇನ್ನೂ ಆರು ಸಾಲು ಖಾಲಿ ಬಿಟ್ಟಿದ್ದಳು. ಅವಳೂ ಬರುತ್ತೇನೆ ಅಂದಳು, ಜೊತೆಗೆ ನಾಲ್ಕೈದು ಗೆಳತಿಯರು. ಶಾಲೆ ತಪ್ಪಿಸುವುದು ಬೇಡ ಅಂತ ಮುಂದಿನ ಭಾನುವಾರಕ್ಕೆ ಇಟ್ಟುಕೊಂಡಿದ್ದೇವೆ. ಬರುವವರು ಮೆತ್ತನೆಯ ಬ್ರಷ್, ಎರಡು ಬಾಟಲಿ ನೀರು, ಒಂದು ಟಾರ್ಚ್ ತನ್ನಿ. ಟಾರ್ಚನ್ನು ಎದುರಿನಿಂದ ಹಿಡಿಯಬೇಡಿ, ಪಕ್ಕದಿಂದ ಹಿಡಿದರೆ ಸವೆದ ಅಕ್ಷರವೂ ನೆರಳಾಗಿ ಏಳುತ್ತದೆ. ಸೀಮೆಸುಣ್ಣ ಬೇಡ. ಗುದ್ದಲಿಯೂ ಬೇಡ, ಮಣ್ಣು ಬಿಡಿಸುವುದಿದ್ದರೆ ಇಲಾಖೆಯವರಿಗೆ ತಿಳಿಸಿ ಬಿಡಿಸೋಣ. ಬೆಳಿಗ್ಗೆ ಏಳು ಗಂಟೆಗೆ, ಬಸ್ ಸ್ಟ್ಯಾಂಡ್ ಹತ್ತಿರ.